ದಣಿದ ಹೃದಯಕ್ಕೆ ಮನೆಯ ಶುಶ್ರೂಷೆ

‘ಹೃದಯ ವೈಫಲ್ಯ’ ಎಂಬ ಮಾತನ್ನು ಕೇಳಿದೊಡನೆ ಗುಂಡಿಗೆ ನಿಂತೇಹೋಯಿತೆಂದು ನಮ್ಮ ಜನ ಗಾಬರಿಗೊಳ್ಳುತ್ತಾರೆ. ವಾಸ್ತವವಾಗಿ ಗುಂಡಿಗೆ ಬಡಿಯುತ್ತಲೇ ಇರುತ್ತದೆ. ಕೆಲಸಕ್ಕೆ ಸಾಲುವಷ್ಟು ಬಲ ಅದಕ್ಕಿರುವುದಿಲ್ಲ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡಬೇಕಾದ ಈ ಯಂತ್ರವು ಬಹುಕಾಲದ ರಕ್ತದೊತ್ತಡದಿಂದಲೋ ಹಿಂದೊಮ್ಮೆ ಆದ ಹೃದಯಾಘಾತದಿಂದಲೋ ಸೋತಾಗ, ಮೂತ್ರಪಿಂಡಗಳಿಗೆ ಸಾಕಷ್ಟು ರಕ್ತ ತಲುಪುವುದಿಲ್ಲ. ಮೈಯಲ್ಲಿ ನೀರೇ ಕಡಿಮೆಯಾಗಿದೆಯೆಂದು ಅವು ತಪ್ಪಾಗಿ ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಆ ನೀರು ಹಗಲು ಕಾಲಿಗಿಳಿದು ಬಾವಾಗುತ್ತದೆ. ರಾತ್ರಿ ಮಲಗಿದಾಗ ಎದೆಗೆ ಮರಳಿ ಉಸಿರು ಕಟ್ಟಿಸುತ್ತದೆ.

ಅಮೆರಿಕದಲ್ಲಿ ಇಂಥ ವೃದ್ಧರು ಆಸ್ಪತ್ರೆಯಿಂದ ನೇರವಾಗಿ ಮನೆಗೆ ಹೋಗದೆ, ದಾದಿಯರಿರುವ ಶುಶ್ರೂಷಾಲಯಗಳಲ್ಲಿ ಕೆಲಕಾಲ ತಂಗುವುದುಂಟು. ಅಲ್ಲಿ ಅವರನ್ನು ಹೇಗೆ ನೋಡಿಕೊಳ್ಳಬೇಕೆಂದು ಆ ದೇಶದ ಹೃದಯ ಸಂಘದವರು 2015ರಲ್ಲಿ ವಿಸ್ತಾರವಾದ ಹೇಳಿಕೆಯನ್ನೇ ಹೊರಡಿಸಿದರು. ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳಿವೆ, 1965ರಿಂದ ಜೆ.ಜೆ.ಎಂ. ವೈದ್ಯಕೀಯ ಕಾಲೇಜೂ ಇದೆ. ಆದರೆ ಆಸ್ಪತ್ರೆಗೂ ಮನೆಗೂ ನಡುವೆ ಅಂಥದೊಂದು ತಂಗುದಾಣ ನಮ್ಮಂಥವರಿಗೆಲ್ಲಿದೆ? ನಮ್ಮ ಶುಶ್ರೂಷಾಲಯವೆಂದರೆ ನಡುಮನೆ. ದಾದಿಯೆಂದರೆ ಆ ಮನೆಯ ಸೊಸೆ.

ಹರಿಹರದ ನಮ್ಮ ಮನೆಯಲ್ಲಿ ಆದುದೂ ಇದೇ. ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತಂದಾಗ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ನಾನಾದರೋ ಪರೀಕ್ಷೆಯ ಗಡಿಬಿಡಿಯಲ್ಲಿ ಮಾತ್ರೆಗಳ ಹೆಸರನ್ನಷ್ಟೇ ನೋಡಿ ಚೀಟಿಯನ್ನು ಗೂಡಿನಲ್ಲಿಟ್ಟೆ. ಮಂಡಿನೋವಿಗೆಂದು ಅಂಗಡಿಯಿಂದ ತಂದ ಗುಳಿಗೆಯನ್ನು ಅಜ್ಜಿ ನುಂಗುತ್ತಿದ್ದಳು. ಕಾಲು ಬಾತಾಗ ‘ವಯಸ್ಸಾಯ್ತಲ್ಲ’ ಎಂದೆವು. ಹದಿನೈದು ದಿನಗಳಲ್ಲಿ, ಒಂದು ನಡುರಾತ್ರಿ ಎದ್ದು ಕುಳಿತು ಗಾಳಿಗಾಗಿ ಬಾಯಿ ಬಿಡತೊಡಗಿದಳು. ಮತ್ತೆ ದಾವಣಗೆರೆಗೆ ಓಡಬೇಕಾಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳು ಮೈಯಲ್ಲಿ ಉಪ್ಪುನೀರನ್ನು ತಡೆಹಿಡಿಯುತ್ತವೆಂದು ನನಗೆ ತಿಳಿದದ್ದು ಆಮೇಲೆ. ಚೀಟಿಯ ಕೊನೆಯಲ್ಲಿ ಅದೂ ಬರೆದಿತ್ತು.

ಈ ರೋಗದಲ್ಲಿ ಮುನ್ಸೂಚನೆ ಕೊಡುವ ಸಾಧನ ತೂಕದ ಯಂತ್ರ. 1 ಲೀಟರ್ ನೀರು 1 ಕಿಲೋ ತೂಗುತ್ತದೆ; ಎಷ್ಟೋ ವೇಳೆ ಬಾವು ಕಣ್ಣಿಗೆ ಬೀಳುವ ಮೊದಲೇ ತೂಕ ಏರಿರುತ್ತದೆ. ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ, ತಿಂಡಿಗೆ ಮೊದಲು ತೂಗಿ, ಕ್ಯಾಲೆಂಡರಿನಲ್ಲಿ ಬರೆದಿಡಬೇಕು. 3 ದಿನಗಳಲ್ಲಿ 2 ಕಿಲೋ ಹೆಚ್ಚಿದರೆ ಅಜ್ಜಿ ಮೈ ತುಂಬಿಕೊಂಡಳೆಂದು ಸಂತೋಷಪಡದೆ, ಅಂದೇ ವೈದ್ಯರಿಗೆ ತಿಳಿಸಬೇಕು. ಮೊದಲ ದಿನ ಅವಳು ‘ನಾನೇನು ಭತ್ತದ ಚೀಲವೇನೇ?’ ಎಂದು ರೇಗಿದಳು. ಈಗ ನಾವು ಮರೆತರೆ ತಾನೇ ಕರೆಯುತ್ತಾಳೆ. ಅಮ್ಮನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಈ ಕೆಲಸಕ್ಕೆ ಅಷ್ಟು ಸಾಕು.

ಉಪ್ಪಿನ ವಿಚಾರ ಮಾತ್ರ ಬಲು ಕಷ್ಟದ್ದು. ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮದೋ ಮಂಡಕ್ಕಿ–ಮೆಣಸಿನಕಾಯಿಯ ಸೀಮೆ! ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಸೇರಿರುತ್ತದೆ. ಬಜ್ಜಿಯ ಹಿಟ್ಟಿಗೆ ಬೀಳುವ ಅಡಿಗೆ ಸೋಡಾ ನಾಲಿಗೆಗೆ ಉಪ್ಪೆನಿಸದಿದ್ದರೂ ಅದರಲ್ಲಿರುವುದು ಉಪ್ಪಿನಲ್ಲಿರುವ ಸೋಡಿಯಮ್ಮೇ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳ ಮಾತು ಹೇಳಬೇಕಾದುದೇ ಇಲ್ಲ. ಪುಣ್ಯಕ್ಕೆ ಜೋಳದ ರೊಟ್ಟಿಗೆ ಉಪ್ಪು ಬೇಕಿಲ್ಲ. ಅಮ್ಮ ಪಲ್ಯಕ್ಕೆ ನಿಂಬೆಹುಳಿ, ಬೆಳ್ಳುಳ್ಳಿಗಳನ್ನು ಮುಂದುಮಾಡಿ ಉಪ್ಪನ್ನು ದಿನದಿನಕ್ಕೆ ಇಳಿಸಿದಳು. ‘ಉಪ್ಪಿಗಿಂತ ರುಚಿಯಿಲ್ಲ’ ಎಂಬ ಗಾದೆಯನ್ನು ಅಜ್ಜಿ ದಿನಕ್ಕೊಮ್ಮೆ ನೆನಪಿಸಿದಳು. ಅಂಗಡಿಯ ‘ಕಡಿಮೆ ಸೋಡಿಯಂ’ ಉಪ್ಪನ್ನು ತರೋಣವೆಂದರೆ, ಅದರಲ್ಲಿ ಪೊಟ್ಯಾಸಿಯಂ ಬೆರೆತಿರುತ್ತದೆ. ಈ ರೋಗಕ್ಕೆ ಕೊಡುವ ಕೆಲವು ಮಾತ್ರೆಗಳೊಡನೆ ಅದು ಅಪಾಯಕಾರಿ. ವೈದ್ಯರನ್ನು ಕೇಳದೆ ಬಳಸಕೂಡದು.

ಇನ್ನು ನೀರಿಳಿಸುವ ಮಾತ್ರೆ. ನುಂಗಿದ ಮೇಲೆ ಕೆಲವು ಗಂಟೆಗಳ ಕಾಲ ಮತ್ತೆ ಮತ್ತೆ ಮೂತ್ರ ಬರುತ್ತದೆ. ಮದುವೆಗೋ ಜಾತ್ರೆಗೋ ಬಸ್ಸು ಹತ್ತುವ ದಿನ ಅಜ್ಜಿ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತಿದ್ದಳು. ದಾರಿಯಲ್ಲಿ ಹೆಂಗಸರಿಗೆ ಅನುಕೂಲವೆಲ್ಲಿದೆ? ಊರಿಗೆ ಮರಳಿದ ಮೇಲೆ ನುಂಗಬಹುದೇ ಎಂದು ವೈದ್ಯರನ್ನು ಕೇಳಿದಾಗ, ಅವಳ ಮಟ್ಟಿಗೆ ಆಗಬಹುದೆಂದರು. ಹಾಗೆ ಕೇಳಬಹುದೆಂಬುದೇ ನಮಗೆ ತಿಳಿದಿರಲಿಲ್ಲ.

ಆ ಚೀಟಿಯನ್ನು ಕನ್ನಡದಲ್ಲಿ ಬರೆದು, ವೈದ್ಯರಿಗೆ ತೋರಿಸಿ, ಅಡಿಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಓದಿ ಹೇಳುವ ಕೆಲಸ ತಂಗಿಯದು. ಈಚೆಗೆ ನೆರೆಮನೆಯವರೂ ತಮ್ಮ ಚೀಟಿಯನ್ನು ತಂದುಕೊಟ್ಟಿದ್ದಾರೆ.