ಸೈನಿಕನ ಮನಸ್ಸು ಮತ್ತು ಮದ್ಯ

ನಜರ್‌ಬಾದು ಎಂಬ ಹೆಸರು ಮೈಸೂರಿನವರ ಬಾಯಲ್ಲಿ ದಿನವೂ ಬರುತ್ತದೆ. ಅದು ಮೊದಲು ಒಂದು ಕೋಟೆಯ ಹೆಸರಾಗಿತ್ತೆಂಬುದು ಎಲ್ಲರಿಗೂ ನೆನಪಿರಲಾರದು. ಟಿಪ್ಪು ಸುಲ್ತಾನನು ಹಳೆಯ ಮೈಸೂರು ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಹತ್ತಿರದ ದಿಣ್ಣೆಗೆ ಸಾಗಿಸಿ, ಅಲ್ಲಿ ಹೊಸದೊಂದು ಕೋಟೆಯನ್ನು ಕಟ್ಟಿಸತೊಡಗಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಕಲ್ಲುಗಳು ತಿರುಗಿ ಮೈಸೂರಿಗೇ ಬಂದುವು. ಹೆಸರು ಮಾತ್ರ ಅಲ್ಲಿಯೇ ಉಳಿಯಿತು. ಈ ಟಿಪ್ಪುವೇ ತನ್ನ ರಾಜ್ಯದಲ್ಲಿ ಮದ್ಯವನ್ನು ನಿಲ್ಲಿಸಲು ಕಟ್ಟುನಿಟ್ಟು ಮಾಡಿದ ದೊರೆ. ಅವನ ಎದುರಿಗೆ ನಿಂತ ಕಂಪೆನಿಯ ದಂಡಿನಲ್ಲಾದರೋ, ಬಿಳಿಯ ಸೋಲ್ಜರುಗಳಿಗೆ ಮಾಂಸ, ರೊಟ್ಟಿಗಳ ಜೊತೆಗೆ ಸಾರಾಯಿಯೂ ದಿನದ ಪಡಿಯಾಗಿ ಸಲ್ಲುತ್ತಿತ್ತು.

ದಂಡಿಗೂ ಮದ್ಯಕ್ಕೂ ಇರುವ ಈ ನಂಟು ಬಹು ಹಳೆಯದು. ಬ್ರಿಟಿಷ್ ನೌಕಾಪಡೆಯಲ್ಲಿ 1655ರ ಸುಮಾರಿಗೆ ಕಾಲಿಟ್ಟ ರಮ್ಮಿನ ಪಡಿ ನಿಂತದ್ದು 1970ರ ಜುಲೈ 31ರಂದು. ಮೊದಲನೆಯ ಮಹಾಯುದ್ಧದಲ್ಲಿ ಕಂದಕಗಳೊಳಗಿನ ಬ್ರಿಟಿಷ್ ಸೈನಿಕರಿಗೆ ರಮ್ಮನ್ನು ಅಳೆದು ಕೊಡುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಜರ್ಮನರು ಪರ್ವಿಟಿನ್ ಎಂಬ ಗುಳಿಗೆಯನ್ನೂ, ಬ್ರಿಟಿಷರೂ ಅಮೆರಿಕನರೂ ಬೆನ್ಜೆಡ್ರಿನ್ ಎಂಬುದನ್ನೂ ತಮ್ಮವರಿಗೆ ಹಂಚಿದರು; ಇವು ನಿದ್ದೆಯನ್ನು ಓಡಿಸುವ ಮದ್ದುಗಳು. ಧೈರ್ಯಕ್ಕೆ ಒಂದು, ಎಚ್ಚರಕ್ಕೆ ಒಂದು, ನಿದ್ದೆಗೆ ಇನ್ನೊಂದು! ಮನುಷ್ಯನ ಸಹಜ ಶಕ್ತಿಗೆ ಮೀರಿದ ಕೆಲಸವನ್ನು ಅವನಿಂದ ತೆಗೆಯಬೇಕಾದಾಗ ಸರ್ಕಾರಗಳೇ ಅಮಲಿನ ಮೊರೆಹೊಕ್ಕವು ಎಂಬುದನ್ನು ಗಮನಿಸಬೇಕು. ಸೈನಿಕನು ಕುಡಿದರೆ ಅದು ಅವನ ಗುಣದ ದೋಷವೆಂದು ಬೈದು ಸುಮ್ಮನಾಗುವವರು ಈ ಇತಿಹಾಸವನ್ನು ಮರೆತಿರುತ್ತಾರೆ.

ಸೈನಿಕರೆಲ್ಲರೂ ಕುಡುಕರೆಂದು ಇದರ ಅರ್ಥವಲ್ಲ. ಒಂದು ತೊಟ್ಟನ್ನೂ ಮುಟ್ಟದೆ ಸೇವೆ ಮುಗಿಸಿದವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಸೈನಿಕ ವೃತ್ತಿಯಲ್ಲಿ ಮನಸ್ಸಿನ ಮೇಲೆ ಬೀಳುವ ಭಾರ ಎಂಥದು, ಆ ಭಾರಕ್ಕೂ ಗ್ಲಾಸಿಗೂ ಗಂಟು ಬೀಳುವುದು ಹೇಗೆ, ಆ ಗಂಟನ್ನು ಬಿಡಿಸುವ ಬಗೆ ಯಾವುದು ಎಂಬುದನ್ನು, ಮಾಜಿ ಸೈನಿಕರಿರುವ ಮನೆಗಳು ಹೆಚ್ಚಾಗಿರುವ ಮೈಸೂರು, ಕೊಡಗು, ಹಾಸನದ ಕಡೆಯವರಾದರೂ ತಿಳಿದಿರುವುದು ಮೇಲು.

ಮೊದಲು ಈ ಭಾರವೆಂದರೇನು ಎಂದು ನೋಡೋಣ. ದಸರೆಗೆ ಮುಂಚೆ ಮೈಸೂರಿನಲ್ಲಿ ಕುಶಾಲತೋಪಿನ ತಾಲೀಮು ನಡೆಯುವುದನ್ನು ಎಲ್ಲರೂ ಬಲ್ಲರು. ತೋಪಿನ ಸದ್ದಿಗೆ ಆನೆ, ಕುದುರೆಗಳು ಬೆದರದಿರಲೆಂದು ಅವನ್ನು ಮುಂಚಿತವಾಗಿಯೇ ಕರೆತಂದು ಸದ್ದಿಗೆ ಒಗ್ಗಿಸುತ್ತಾರೆ. ಮೊದಲ ತೋಪು ಹಾರಿದಾಗ ಕುದುರೆಯೊಂದು ಕಿವಿ ನಿಮಿರಿಸಿ ಹಿಂದಕ್ಕೆ ಸರಿಯುತ್ತದೆಯಷ್ಟೆ. ಅದರ ಮೈಯೊಳಗೆ ಆಗುವುದೇ ನಮ್ಮ ಮೈಯೊಳಗೂ ಆಗುತ್ತದೆ. ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳನ್ನು ರಕ್ತಕ್ಕೆ ಬಿಡುತ್ತವೆ. ಗುಂಡಿಗೆ ಜೋರಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಓಡು, ಇಲ್ಲವೆ ಹೋರಾಡು ಎಂದು ದೇಹ ಹೇಳುವ ರೀತಿ ಇದು. ಅಪಾಯ ಕಳೆದ ಮೇಲೆ ಇದೆಲ್ಲ ತಾನಾಗಿ ಇಳಿಯಬೇಕು. ಇಳಿದರೆ ಆರೋಗ್ಯ, ಇಳಿಯದೆ ಏರಿದಲ್ಲೇ ನಿಂತರೆ ರೋಗ.

ಗಡಿಯ ಠಾಣೆಯಲ್ಲಿ ತಿಂಗಳುಗಟ್ಟಲೆ ಕಣ್ಣಲ್ಲಿ ಕಣ್ಣಿಟ್ಟು ಕಾಯುವವನಿಗೆ ಇಳಿಯುವ ಸಮಯವೇ ಸಿಕ್ಕುವುದಿಲ್ಲ. ಪಕ್ಕದಲ್ಲಿದ್ದ ಗೆಳೆಯ ಗುಂಡಿಗೆ ಬಲಿಯಾದುದನ್ನು ಕಂಡವನ ಮನಸ್ಸು ಆ ಕ್ಷಣದಲ್ಲೇ ಸಿಕ್ಕಿಕೊಂಡಿರಬಹುದು. ಮನೆಗೆ ಬಂದ ಮೇಲೂ ದೀಪಾವಳಿಯ ಪಟಾಕಿಗೆ ಬೆಚ್ಚುವುದು, ಬಾಗಿಲಿಗೆ ಬೆನ್ನು ಮಾಡಿ ಕೂಡಲಾರದೆ ಹೋಗುವುದು, ಸಣ್ಣ ಮಾತಿಗೆ ಸಿಡಿಯುವುದು, ರಾತ್ರಿ ಅದೇ ಕನಸು ಮತ್ತೆ ಮತ್ತೆ ಬೀಳುವುದು—ಇವು ಅದರ ಗುರುತುಗಳು. ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 1915ರಲ್ಲಿ ಇಂಥ ರೋಗಿಗಳ ವಿಚಾರ ಬರೆದಾಗ 'ಷೆಲ್ ಷಾಕ್' ಎಂಬ ಮಾತು ವೈದ್ಯರ ಬಳಕೆಗೆ ಬಂತು. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಭರ್ಜಿ ಹಿಡಿದು ಮೆಷಿನ್ ಗನ್ನುಗಳಿಗೆ ಎದುರಾಗಿ ಹೈಫಾ ಪಟ್ಟಣವನ್ನು ಗೆದ್ದರು. ಎದೆಗಾರಿಕೆಯೂ ಮನಸ್ಸಿನ ಗಾಯವೂ ಒಂದೇ ರಣರಂಗದಲ್ಲಿ ಹುಟ್ಟುವಂಥವು. ಒಂದಿದ್ದ ಕಡೆ ಇನ್ನೊಂದಿರದೆಂದು ತಿಳಿಯುವುದು ತಪ್ಪು. ಅಮೆರಿಕದ ಮನೋವೈದ್ಯರು 1980ರಲ್ಲಿ ಇದನ್ನು ಒಂದು ಸ್ಪಷ್ಟವಾದ ರೋಗವೆಂದು ತಮ್ಮ ಪಟ್ಟಿಗೆ ಸೇರಿಸಿದರು.

ಇಂಥ ಸ್ಥಿತಿಯಲ್ಲಿರುವವನ ಕೈಗೆ ಒಂದು ಗ್ಲಾಸು ರಮ್ಮು ಬಂದರೆ ಆಗುವುದೇನು? ಮೊದಲು ಆಗುವುದು ಒಳ್ಳೆಯದೇ. ಮಿದುಳಿನಲ್ಲಿ ಉದ್ವೇಗವನ್ನು ತಗ್ಗಿಸುವ ಒಂದು ಏರ್ಪಾಡಿದೆ. ಮದ್ಯವು ಅದಕ್ಕೆ ಒತ್ತು ಕೊಡುತ್ತದೆ. ಬಿಗಿದ ಭುಜ ಸಡಿಲುತ್ತದೆ, ಮಾತು ಹಗುರಾಗುತ್ತದೆ, ಕಣ್ಣು ತಾನಾಗಿ ಮುಚ್ಚುತ್ತದೆ. ಆದರೆ ಮಿದುಳು ಸುಮ್ಮನಿರುವುದಿಲ್ಲ. ಒಂದು ಕಡೆ ಯಾರೋ ಹಗ್ಗ ಎಳೆಯುತ್ತಿದ್ದಾರೆಂದು ತಿಳಿದು, ಅದು ಇನ್ನೊಂದು ಕಡೆ, ಎಂದರೆ ಉದ್ವೇಗದ ಕಡೆ, ಬಲವಾಗಿ ಎಳೆಯತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಮದ್ಯ ಇಳಿಯುತ್ತದೆ. ಆಗ ಈ ಕಡೆಯವರು ಹಗ್ಗವನ್ನು ಬಿಟ್ಟಂತೆ, ಉದ್ವೇಗವೊಂದೇ ಉಳಿಯುತ್ತದೆ. ರಾತ್ರಿ ಮೂರು ಗಂಟೆಗೆ ಎದೆ ಹೊಡೆದುಕೊಂಡು, ಬೆವರಿ, ಎಚ್ಚರವಾಗುವುದು ಇದರಿಂದಲೇ. ಮೊದಲ ಜಾವದಲ್ಲಿ ಅಡಗಿದ್ದ ಕನಸುಗಳು ಕಡೆಯ ಜಾವದಲ್ಲಿ ಇಮ್ಮಡಿಯಾಗಿ ಬರುತ್ತವೆ. ಸಂಜೆ ಕೊಂಡ ನೆಮ್ಮದಿ ಸಾಲವಾಗಿತ್ತು. ಬೆಳಗಿನ ಜಾವಕ್ಕೆ ಬಡ್ಡಿ ಸಮೇತ ವಸೂಲಾಗುತ್ತದೆ. ಆ ಬಡ್ಡಿಯನ್ನು ತೀರಿಸಲು ಮರುದಿನ ಇನ್ನಷ್ಟು ಸಾಲ! ಒಂದು ಪೆಗ್ಗಿಗೆ ಬರುತ್ತಿದ್ದ ನಿದ್ದೆ ವರ್ಷದೊಳಗೆ ಮೂರಕ್ಕೂ ಬಾರದಾಗುತ್ತದೆ.

ಇದರಲ್ಲಿ ಸ್ವಲ್ಪ ಲೆಕ್ಕವೂ ಇದೆ. ನಮ್ಮಲ್ಲಿ ಮಾರುವ ರಮ್ಮಿನಲ್ಲಿ ನೂರಕ್ಕೆ ಸುಮಾರು 43 ಪಾಲು ಮದ್ಯಸಾರ. 30 ಮಿಲಿಲೀಟರಿನ ಸಣ್ಣ ಪೆಗ್ಗೊಂದರಲ್ಲಿ ಅದು ಸುಮಾರು 10 ಗ್ರಾಂ ಆಗುತ್ತದೆ. ಇದನ್ನು ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ನಿಂಬೆಹಣ್ಣು, ಕಾಫಿ, ತಣ್ಣೀರು ಯಾವುದೂ ಅದನ್ನು ಅವಸರಪಡಿಸಲಾರವು. 750 ಮಿಲಿಲೀಟರಿನ ಬಾಟಲಿಯಲ್ಲಿ ಅರ್ಧವನ್ನು ರಾತ್ರಿ ಒಂಬತ್ತಕ್ಕೆ ಮುಗಿಸಿದವನ ರಕ್ತದಲ್ಲಿ ಬೆಳಿಗ್ಗೆ ಎಂಟಕ್ಕೂ ಮದ್ಯ ಉಳಿದಿರುತ್ತದೆ. ಆ ಹೊತ್ತಿಗೆ ಅವನು ಸ್ಕೂಟರ್ ಹತ್ತಿ ಮಕ್ಕಳನ್ನು ಸ್ಕೂಲಿಗೆ ಬಿಡಲು ಹೊರಟಿರಬಹುದು.

ಚಳಿಗೆ ರಮ್ಮು ಒಳ್ಳೆಯದೆಂಬ ಮಾತೂ ಪ್ರಚಾರದಲ್ಲಿದೆ. ಮದ್ಯವು ಚರ್ಮದ ರಕ್ತನಾಳಗಳನ್ನು ಅಗಲಿಸುತ್ತದೆ. ಒಳಗಿನ ಬಿಸಿರಕ್ತ ಹೊರಕ್ಕೆ ಬಂದು ಮೈ ಬೆಚ್ಚಗಾದಂತೆ ತೋರುತ್ತದೆ. ನಿಜವಾಗಿ ಒಳಗಿನ ಶಾಖ ಹೊರಕ್ಕೆ ಸೋರಿಹೋಗುತ್ತಿರುತ್ತದೆ. ಸಿಯಾಚಿನ್‌ನಂಥ ಎತ್ತರದ ಹಿಮಭೂಮಿಯಲ್ಲಿ ಇದು ಪ್ರಾಣಕ್ಕೇ ಅಪಾಯ.

ಈಗ ಒಬ್ಬ ಹವಾಲ್ದಾರರನ್ನು ಊಹಿಸಿಕೊಳ್ಳೋಣ. ನಲವತ್ತರ ಆಸುಪಾಸಿನಲ್ಲಿ ಪೆನ್ಷನ್ ಪಡೆದು ಊರಿಗೆ ಬಂದಿದ್ದಾರೆ. ಬೆಳಗಿನ ಬಿಗಿಲ್ ಇಲ್ಲ, ಆಜ್ಞೆ ಕೊಡುವವರಿಲ್ಲ, ಪಾಲಿಸುವವರೂ ಇಲ್ಲ. ಅವರಿಲ್ಲದಿದ್ದ ವರ್ಷಗಳಲ್ಲಿ ಹೆಂಡತಿ ಒಬ್ಬಳೇ ಸಂಸಾರ ನಡೆಸಿ ಅಭ್ಯಾಸವಾಗಿದೆ. ಮಕ್ಕಳಿಗೆ ಅಪ್ಪ ರಜದಲ್ಲಿ ಬರುವ ನೆಂಟನಂತೆ. ಜಮೀನಿನ ತಕರಾರು ಬೇರೆ. ಪಲ್ಟನ್ನಿನಲ್ಲಿ ಹತ್ತು ಜನರೊಡನೆ ಹಂಚಿಕೊಳ್ಳುತ್ತಿದ್ದ ಸಂಜೆಯನ್ನು ಈಗ ಒಂಟಿಯಾಗಿ ಕಳೆಯಬೇಕು. ಕ್ಯಾಂಟೀನ್ ಕಾರ್ಡಿನ ಮೇಲೆ ತಿಂಗಳ ಬಾಟಲಿಗಳು ಹೊರಗಿನ ಅಂಗಡಿಗಿಂತ ಅಗ್ಗವಾಗಿ ಸಿಕ್ಕುತ್ತವೆ. “ರೀ, ಇವತ್ತೊಂದು ದಿವಸ ಬೇಡಿ” ಎಂದು ಹೆಂಡತಿ ಬೇಡುತ್ತಾಳೆ. “ನಿನಗೇನು ಗೊತ್ತು, ಸುಮ್ಮನಿರು” ಎನ್ನುತ್ತಾರೆ. ಆಕೆಗೆ ಗೊತ್ತಿಲ್ಲದಿರುವುದೂ ನಿಜ. ಅವರು ಹೇಳಿಯೇ ಇಲ್ಲವಲ್ಲ!

ಇಂಥವರಿಗೆ ಬಿಡುಗಡೆ ಇಲ್ಲವೆ? ಇದೆ ಎಂಬುದಕ್ಕೆ ವಿಯಟ್ನಾಮ್ ಯುದ್ಧದಿಂದ ಒಂದು ದೊಡ್ಡ ಸಾಕ್ಷ್ಯ ದೊರೆತಿದೆ. ಅಲ್ಲಿದ್ದ ಅಮೆರಿಕನ್ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿಯೂ ಯಥೇಚ್ಛವಾಗಿಯೂ ಸಿಕ್ಕುತ್ತಿತ್ತು. 1971ರ ಸೆಪ್ಟೆಂಬರಿನಲ್ಲಿ ಸ್ವದೇಶಕ್ಕೆ ಮರಳಿದವರ ಪೈಕಿ ಸುಮಾರು 900 ಮಂದಿಯನ್ನು ಲೀ ರಾಬಿನ್ಸ್ ಎಂಬ ವಿದುಷಿಯ ತಂಡ ಹುಡುಕಿ ಮಾತನಾಡಿಸಿತು. ಐವರಲ್ಲಿ ಒಬ್ಬನು ಅಲ್ಲಿ ಆ ಮದ್ದಿಗೆ ದಾಸನಾಗಿದ್ದ. ಊರಿಗೆ ಬಂದ ಮೊದಲ ವರ್ಷದಲ್ಲಿ ಹಾಗೆ ದಾಸರಾಗಿದ್ದವರೊಳಗೆ ತಿರುಗಿ ದಾಸರಾದವರು ಇಪ್ಪತ್ತಕ್ಕೆ ಒಬ್ಬರಷ್ಟೇ! ಒಮ್ಮೆ ಹತ್ತಿದ ಚಟ ಸಾಯುವವರೆಗೆ ಬಿಡದೆಂಬ ನಂಬಿಕೆಗೆ ಇದರಿಂದ ಪೆಟ್ಟು ಬಿತ್ತು. ಭಯದ ಜಾಗ ಹಿಂದೆ ಉಳಿಯಿತು, ಕೈಗೆಟುಕುತ್ತಿದ್ದ ಮದ್ದು ದೂರವಾಯಿತು, ಸುತ್ತಲಿನ ಬಾಳು ಬದಲಾಯಿತು. ಹೆಚ್ಚಿನವರಲ್ಲಿ ಚಟವೂ ಹೋಯಿತು.

ನಮ್ಮ ಹವಾಲ್ದಾರರ ಕಷ್ಟ ಇಲ್ಲೇ ಇರುವುದು. ಅವರೂ ಜಾಗ ಬದಲಾಯಿಸಿದ್ದಾರೆ. ಆದರೆ ಬಾಟಲಿ ಅವರ ಹಿಂದೆಯೇ ಮನೆಗೆ ಬಂದಿದೆ. ನಿದ್ದೆಗೆಡಿಸುವ ನೆನಪೂ ಬಂದಿದೆ. ಆದುದರಿಂದ ಬಾಟಲಿಯನ್ನು ಮಾತ್ರ ಕಿತ್ತುಕೊಂಡರೆ ನೆನಪು ಉಳಿಯುತ್ತದೆ. ನೆನಪಿಗೆ ಮಾತ್ರ ಮದ್ದು ಮಾಡಿದರೆ ಬಾಟಲಿ ಉಳಿಯುತ್ತದೆ. ಎರಡಕ್ಕೂ ಒಟ್ಟಿಗೇ ಚಿಕಿತ್ಸೆಯಾಗಬೇಕೆಂಬುದು ಇಂದಿನ ವೈದ್ಯರ ಮತ.

ಸೇವೆಯಲ್ಲಿರುವವರು ಬಾಯಿಬಿಡದಿರಲು ಇನ್ನೊಂದು ಕಾರಣವುಂಟು. ಸೇನೆಯಲ್ಲಿ ಆರೋಗ್ಯದ ದರ್ಜೆಯನ್ನು 'ಷೇಪ್' ಎಂಬ ಅಕ್ಷರಮಾಲೆಯಿಂದ ಗುರುತಿಸುತ್ತಾರೆ. ಅದರ ಮೊದಲ ಅಕ್ಷರವೇ ಮನಸ್ಸಿನದು. ಆ ದರ್ಜೆ ಇಳಿದರೆ ಬಡ್ತಿಗೆ ಧಕ್ಕೆಯಾದೀತೆಂಬ ಅಂಜಿಕೆ. ಆಯುಧ ಹಿಡಿಯುವವನ ಮನಃಸ್ಥಿತಿಯನ್ನು ಸೇನೆ ಅಳೆಯಬೇಕಾದದ್ದು ಸರಿಯೇ. ಆದರೆ ಹೇಳಿದವನಿಗೆ ನಷ್ಟ, ಮುಚ್ಚಿಟ್ಟವನಿಗೆ ಲಾಭ ಎಂಬಂತಾದರೆ ರೋಗ ಬಲಿಯುವವರೆಗೂ ಬೆಳಕಿಗೆ ಬಾರದು. ಬೇಗ ಹೇಳಿಕೊಂಡವನು ಗುಣವಾಗಿ ಮೊದಲಿನ ದರ್ಜೆಗೆ ಮರಳುವ ದಾರಿ ಸುಗಮವಾದಷ್ಟೂ ಸೇನೆಗೇ ಮೇಲು.

ಮನೆಯವರು ಮಾಡಬೇಕಾದದ್ದೇನು? ಮೊದಲನೆಯದಾಗಿ, ಬಹುಕಾಲ ದಿನವೂ ಹೆಚ್ಚಾಗಿ ಕುಡಿಯುತ್ತಿದ್ದವರನ್ನು “ನಾಳೆಯಿಂದ ಬಂದ್” ಎಂದು ಹಠಾತ್ತಾಗಿ ನಿಲ್ಲಿಸಬಾರದು. ಹಗ್ಗದ ಹೋಲಿಕೆಯನ್ನು ನೆನೆಯಿರಿ. ಒಂದು ದಿನದೊಳಗೆ ಕೈನಡುಕ, ಬೆವರು, ಕೆಲವರಿಗೆ ಫಿಟ್ಸ್, ಎರಡು ಮೂರು ದಿನಗಳ ಮೇಲೆ ಇಲ್ಲದ್ದನ್ನು ಕಾಣುವ, ಹೊತ್ತುಗೊತ್ತು ತಿಳಿಯದ ಸನ್ನಿ. ಇದರಿಂದ ಪ್ರಾಣವೇ ಹೋಗಬಹುದು. ವೈದ್ಯರ ಕೈಯಲ್ಲಿ, ತಕ್ಕ ಔಷಧ ಮತ್ತು ಬಿ-1 ಜೀವಸತ್ವದ ಬೆಂಬಲದಿಂದ, ಕೆಲವೇ ದಿನಗಳಲ್ಲಿ ಈ ಘಟ್ಟವನ್ನು ದಾಟಿಸಬಹುದು.

ಎರಡನೆಯದಾಗಿ, ಕುಡಿತ ಬಿಡಿಸುವ ಪುಡಿಯೆಂದು ಯಾರೋ ಕೊಟ್ಟದ್ದನ್ನು ಸಾರಿನಲ್ಲಿ ಗುಟ್ಟಾಗಿ ಬೆರೆಸಬಾರದು. ಡೈಸಲ್ಫಿರಾಮ್ ಎಂಬ ಔಷಧವನ್ನು ತೆಗೆದುಕೊಂಡವನು ಮದ್ಯ ಮುಟ್ಟಿದರೆ ಮುಖ ಕೆಂಪಾಗಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ತಿಳಿದು ಒಪ್ಪಿ ತೆಗೆದುಕೊಂಡವನಿಗೆ ಅದು ಊರುಗೋಲು. ತಿಳಿಯದೆ ತಿಂದವನಿಗೆ ವಿಷ. ಕುಡಿಯುವ ಹಂಬಲವನ್ನೇ ತಗ್ಗಿಸುವ ಔಷಧಗಳೂ ಈಗ ಇವೆ. ಅವನ್ನೂ ವೈದ್ಯರೇ ಕೊಡಬೇಕು.

ಮೂರನೆಯದಾಗಿ, ಕುಡಿದಾಗ ವಾದ ಮಾಡದೆ, ಬೆಳಿಗ್ಗೆ ಮನಸ್ಸು ತಿಳಿಯಾಗಿರುವಾಗ ಮಾತನಾಡಬೇಕು. “ಯಾಕೆ ಕುಡಿದಿರಿ?” ಎಂಬುದಕ್ಕಿಂತ “ರಾತ್ರಿ ನಿದ್ದೆ ಬಂತೆ?” ಎಂಬ ಪ್ರಶ್ನೆ ಹೆಚ್ಚು ಬಾಗಿಲುಗಳನ್ನು ತೆರೆಯುತ್ತದೆ. ಆದರೆ ಹೊಡೆತ ಬಡಿತಗಳಿದ್ದ ಕಡೆ ಹೆಂಡತಿ ಮಕ್ಕಳ ಕ್ಷೇಮವೇ ಮೊದಲು. ಅದನ್ನು ಸಹಿಸುವುದು ಸೇವೆಯಲ್ಲ.

ಮನಸ್ಸಿನ ಗಾಯಕ್ಕೆ ಮಾಡುವ ಚಿಕಿತ್ಸೆಯ ಒಂದು ಬಗೆ ದಸರೆಯ ತಾಲೀಮನ್ನೇ ಹೋಲುತ್ತದೆ. ನೆನಪನ್ನು ಒಮ್ಮೆಗೇ ಎದುರಿಸಹೇಳದೆ, ಭರವಸೆಯ ಜಾಗದಲ್ಲಿ, ನುರಿತವರ ಜೊತೆಯಲ್ಲಿ ಮತ್ತೆ ಮತ್ತೆ ಸಮೀಪಿಸುವಂತೆ ಮಾಡುತ್ತಾರೆ. ಸದ್ದು ಬರಿಯ ಸದ್ದಾಗುವವರೆಗೆ. ಮೈಸೂರಿನ ಕೆ. ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮಾಜಿ ಸೈನಿಕರಿಗೆ 2003ರಿಂದ ನಡೆಯುತ್ತಿರುವ ಇ.ಸಿ.ಎಚ್.ಎಸ್. ಯೋಜನೆಯ ಚಿಕಿತ್ಸಾಲಯವೂ, ಸೈನಿಕ ಕಲ್ಯಾಣದ ಜಿಲ್ಲಾ ಕಚೇರಿಯೂ ಊರಿನಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವುಂಟು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿಯೇ ಮಾತನಾಡಬಹುದು. ಕುಡಿತ ಬಿಟ್ಟವರೇ ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳು, ಪಲ್ಟನ್ನಿನ ಒಡನಾಟವನ್ನು ಕಳೆದುಕೊಂಡವರಿಗೆ ವಿಶೇಷವಾಗಿ ಹಿಡಿಸಿಯಾವು.

ಚಿಕಿತ್ಸೆಯ ನಡುವೆ ಒಮ್ಮೆ ಎಡವಿದರೆ ಎಲ್ಲವೂ ಹಾಳಾಯಿತೆಂದು ಕೈಬಿಡಬೇಕಾಗಿಲ್ಲ. ಸಕ್ಕರೆ ಕಾಯಿಲೆಯವನು ಹಬ್ಬದಲ್ಲಿ ಒಂದು ಹೋಳಿಗೆ ಹೆಚ್ಚು ತಿಂದರೆ ಔಷಧವನ್ನು ನಿಲ್ಲಿಸುತ್ತೇವೆಯೆ? ಮಂಡಿಗೆ ಗುಂಡು ತಗಲಿದ ಸೈನಿಕನು ಕುಂಟಿದರೆ ಕೈಹಿಡಿದು ನಡೆಸುತ್ತೇವೆ. ಕಣ್ಣಿಗೆ ಕಾಣದ ಕಡೆ ಪೆಟ್ಟು ತಿಂದವನಿಗೂ ಅದೇ ಕೈ ಬೇಕು, ಅಷ್ಟೇ ತಾಳ್ಮೆ ಬೇಕು.