ಬಾಂಗ್ ಖೇನ್ ಜಿಲ್ಲೆ

ಬಾಂಗ್ ಖೇನ್ ಥಾಯ್ಲೆಂಡ್ ದೇಶದ ರಾಜಧಾನಿ ಬ್ಯಾಂಕಾಕ್‌ನ 50 ಜಿಲ್ಲೆಗಳಲ್ಲಿ ಒಂದು. ನಗರದ ಉತ್ತರ ಹೊರವಲಯದಲ್ಲಿರುವ ಈ ಜಿಲ್ಲೆಯ ವಿಸ್ತೀರ್ಣ ಸುಮಾರು 42 ಚದರ ಕಿಲೋಮೀಟರ್. ಒಂದು ಕಾಲದಲ್ಲಿ ಭತ್ತದ ಗದ್ದೆಗಳಿಂದಲೂ ಕಾಲುವೆಗಳಿಂದಲೂ ಕೂಡಿದ್ದ ಈ ಪ್ರದೇಶ ಇಂದು ವಸತಿ ಬಡಾವಣೆಗಳು, ಮಾರುಕಟ್ಟೆಗಳು, ವಿಶ್ವವಿದ್ಯಾಲಯಗಳು ಹಾಗೂ ಸೇನಾ ನೆಲೆಗಳಿರುವ ಉಪನಗರವಾಗಿದೆ.

ಥಾಯ್ಲೆಂಡಿನ ರಾಜಕೀಯ ಇತಿಹಾಸದಲ್ಲಿ ಬಾಂಗ್ ಖೇನ್‌ಗೆ ವಿಶೇಷ ಸ್ಥಾನವಿದೆ. 1933ರಲ್ಲಿ ಸಾಂವಿಧಾನಿಕ ಸರ್ಕಾರದ ವಿರುದ್ಧ ನಡೆದ ಬೊವೊರದೇತ್ ದಂಗೆಯ ಮುಖ್ಯ ಕಾಳಗ ನಡೆದದ್ದು ಈ ಪ್ರದೇಶದಲ್ಲಿ. ಆ ದಂಗೆಯನ್ನು ಅಡಗಿಸಿದ ನೆನಪಿಗಾಗಿ ಇಲ್ಲಿ ನಿಲ್ಲಿಸಿದ್ದ ಸಂವಿಧಾನ ರಕ್ಷಣಾ ಸ್ಮಾರಕವು 2018ರ ಡಿಸೆಂಬರ್ ತಿಂಗಳಿನಲ್ಲಿ ಕಾಣೆಯಾಯಿತು. ಆ ಸ್ಮಾರಕದಿಂದಲೇ ಹೆಸರು ಪಡೆದ ಅನುಸಾವರಿ ಉಪಜಿಲ್ಲೆ ಇಂದಿಗೂ ಅದೇ ಹೆಸರನ್ನು ಉಳಿಸಿಕೊಂಡಿದೆ.

ಹೆಸರು

ಥಾಯ್ ಭಾಷೆಯಲ್ಲಿ ‘ಬಾಂಗ್’ ಎಂದರೆ ನದಿ ಅಥವಾ ಕಾಲುವೆಯ ದಡದಲ್ಲಿರುವ ಊರು. ಬ್ಯಾಂಕಾಕ್ ಸುತ್ತಮುತ್ತಲಿನ ಅನೇಕ ಸ್ಥಳನಾಮಗಳು ಈ ಪದದಿಂದ ಆರಂಭವಾಗುತ್ತವೆ. ಜಿಲ್ಲೆಗೆ ಹೆಸರು ಬಂದಿರುವುದು ಚಾವೊ ಫ್ರಾಯಾ ನದಿಯನ್ನು ಸೇರುವ ಬಾಂಗ್ ಖೇನ್ ಕಾಲುವೆಯಿಂದ. ಆ ಕಾಲುವೆ ನದಿಯನ್ನು ಸೇರುವ ಭಾಗ ನೆರೆಯ ನೊಂಥಬುರಿ ಪ್ರಾಂತ್ಯದಲ್ಲಿದ್ದು, ಅಲ್ಲಿಯೂ ಬಾಂಗ್ ಖೇನ್ ಎಂಬ ಉಪಜಿಲ್ಲೆಯೊಂದಿದೆ.

ಜಿಲ್ಲೆ ಎಂಬುದಕ್ಕೆ ಬ್ಯಾಂಕಾಕ್‌ನಲ್ಲಿ ಬಳಸುವ ‘ಖೆತ್’ ಎಂಬ ಪದ ಸಂಸ್ಕೃತದ ‘ಕ್ಷೇತ್ರ’ ಶಬ್ದದಿಂದ ಬಂದದ್ದು. ಉಪಜಿಲ್ಲೆಯನ್ನು ‘ಖ್ವೇಂಗ್’ ಎನ್ನುತ್ತಾರೆ. ‘ಅನುಸಾವರಿ’ ಎಂದರೆ ಸ್ಮಾರಕ ಎಂದರ್ಥ.

ಭೌಗೋಳಿಕ ವಿವರ

ಬಾಂಗ್ ಖೇನ್ ಜಿಲ್ಲೆಯ ಉತ್ತರಕ್ಕೆ ಸಾಯ್ ಮಾಯ್, ಪೂರ್ವಕ್ಕೆ ಖ್ಲೋಂಗ್ ಸಾಮ್ ವಾ ಮತ್ತು ಖಾನ್ ನಾ ಯಾವ್, ದಕ್ಷಿಣಕ್ಕೆ ಬುಯೆಂಗ್ ಕುಮ್ ಮತ್ತು ಲಾತ್ ಫ್ರಾವ್, ಪಶ್ಚಿಮಕ್ಕೆ ಚತುಚಕ್ ಮತ್ತು ಲಕ್ ಸೀ ಜಿಲ್ಲೆಗಳಿವೆ. ಜಿಲ್ಲೆಯನ್ನು ಎರಡು ಉಪಜಿಲ್ಲೆಗಳಾಗಿ ವಿಂಗಡಿಸಲಾಗಿದೆ: ಪಶ್ಚಿಮದಲ್ಲಿ ಅನುಸಾವರಿ, ಪೂರ್ವದಲ್ಲಿ ಥಾ ರೇಂಗ್. ಜಿಲ್ಲಾ ಕಚೇರಿ, ಮುಖ್ಯ ದೇವಾಲಯ ಹಾಗೂ ಸೇನಾ ನೆಲೆಗಳು ಅನುಸಾವರಿಯಲ್ಲಿವೆ. ಥಾ ರೇಂಗ್ ಬಹುಪಾಲು ವಸತಿ ಪ್ರದೇಶ.

ಬ್ಯಾಂಕಾಕ್‌ನ ಉಳಿದ ಭಾಗಗಳಂತೆ ಇದೂ ಚಾವೊ ಫ್ರಾಯಾ ನದಿಯ ಮೆಕ್ಕಲು ಬಯಲಿಗೆ ಸೇರಿದ ಸಮತಟ್ಟಾದ ನೆಲ. ಹಿಂದೆ ನೀರಾವರಿ ಮತ್ತು ದೋಣಿ ಸಂಚಾರಕ್ಕೆ ಆಧಾರವಾಗಿದ್ದ ಕಾಲುವೆಗಳು ಈಗ ಮುಖ್ಯವಾಗಿ ಮಳೆನೀರನ್ನು ಹರಿಸುವ ಕಾರ್ಯ ಮಾಡುತ್ತವೆ. 2011ರ ಮಹಾ ಪ್ರವಾಹದಲ್ಲಿ ಉತ್ತರದಿಂದ ಹರಿದುಬಂದ ನೀರು ನೆರೆಯ ಡೋನ್ ಮುವಾಂಗ್ ಮತ್ತು ಲಕ್ ಸೀ ಜಿಲ್ಲೆಗಳ ಜೊತೆಗೆ ಬಾಂಗ್ ಖೇನ್‌ನ ಭಾಗಗಳನ್ನೂ ಮುಳುಗಿಸಿತ್ತು.

ಇತಿಹಾಸ

ಆಡಳಿತ ಘಟಕವಾಗಿ ರಚನೆ

ರಾಜ ಚುಲಲೊಂಗ್‌ಕೊರ್ನ್ (ಐದನೆಯ ರಾಮ) ಆಳ್ವಿಕೆಯಲ್ಲಿ ಪ್ರಾಂತೀಯ ಆಡಳಿತವನ್ನು ಪುನರ್ರಚಿಸಿದಾಗ, 1897ರಲ್ಲಿ ಬಾಂಗ್ ಖೇನ್ ಅನ್ನು ಜಿಲ್ಲೆಯನ್ನಾಗಿ ಸ್ಥಾಪಿಸಲಾಯಿತು. ಆಗ ಅದು ಇಂದಿನ ಜಿಲ್ಲೆಗಿಂತ ಬಹಳ ದೊಡ್ಡದಾಗಿತ್ತು. ಇಂದಿನ ಚತುಚಕ್, ಲಕ್ ಸೀ, ಡೋನ್ ಮುವಾಂಗ್ ಹಾಗೂ ಸಾಯ್ ಮಾಯ್ ಜಿಲ್ಲೆಗಳ ಭೂಭಾಗವು ಹಳೆಯ ಬಾಂಗ್ ಖೇನ್‌ಗೆ ಸೇರಿತ್ತು. ಉತ್ತರಕ್ಕೆ ಹೋಗುವ ರೈಲು ಮಾರ್ಗ ಈ ಬಯಲಿನ ನಡುವೆ ಸಾಗುತ್ತಿತ್ತು. 1914ರಲ್ಲಿ ಡೋನ್ ಮುವಾಂಗ್‌ನಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ರಾಜಧಾನಿಗೆ ಉತ್ತರದಿಂದ ಬರುವ ರೈಲು ಮಾರ್ಗ ಮತ್ತು ಸೇನೆಯ ವಿಮಾನ ನೆಲೆ ಎರಡೂ ಇಲ್ಲಿದ್ದುದರಿಂದ ಈ ಗದ್ದೆ ಬಯಲಿಗೆ ಸೈನಿಕ ಮಹತ್ವ ಬಂದಿತು.

ಬೊವೊರದೇತ್ ದಂಗೆ

1932ರ ಜೂನ್ 24ರಂದು ಸೇನಾಧಿಕಾರಿಗಳು ಮತ್ತು ನಾಗರಿಕ ಅಧಿಕಾರಿಗಳ ಗುಂಪಾದ ಜನಪಕ್ಷವು (ಖನ ರಾತ್ಸಡೋನ್) ಸಿಯಾಮ್‌ನಲ್ಲಿ ರಾಜನ ನಿರಂಕುಶ ಪ್ರಭುತ್ವವನ್ನು ಕೊನೆಗೊಳಿಸಿತು. ರಾಜನ ಅಧಿಕಾರ ಸಂವಿಧಾನದ ಚೌಕಟ್ಟಿಗೆ ಒಳಪಟ್ಟಿತು. ಆದರೆ ಹೊಸ ವ್ಯವಸ್ಥೆ ಭದ್ರವಾಗಿರಲಿಲ್ಲ. ಜನಪಕ್ಷದ ನಾಯಕ ಪ್ರಿದಿ ಫನೊಮ್ಯೊಂಗ್ ಅವರ ಆರ್ಥಿಕ ಯೋಜನೆಯನ್ನು ಸಾಮ್ಯವಾದಿ ಎಂದು ವಿರೋಧಿಗಳು ಆಕ್ಷೇಪಿಸಿದರು. 1933ರ ಜೂನ್‌ನಲ್ಲಿ ಫ್ರಾಯಾ ಫಹೊನ್ ನೇತೃತ್ವದಲ್ಲಿ ಮತ್ತೊಂದು ಕ್ಷಿಪ್ರ ಕ್ರಾಂತಿ ನಡೆದು ಅವರು ಪ್ರಧಾನಮಂತ್ರಿಯಾದರು.

ಅದೇ ವರ್ಷ ಅಕ್ಟೋಬರ್ 11ರಂದು ಮಾಜಿ ಯುದ್ಧ ಸಚಿವ ರಾಜಕುಮಾರ ಬೊವೊರದೇತ್ ನೇತೃತ್ವದಲ್ಲಿ ಪ್ರಾಂತೀಯ ಸೇನಾ ಪಡೆಗಳು ದಂಗೆ ಎದ್ದವು. ದಂಗೆಯ ಮುಖ್ಯ ನೆಲೆ ಈಶಾನ್ಯದ ನಖೊನ್ ರಾತ್ಚಸಿಮಾ. ಅಲ್ಲಿಂದ ರೈಲಿನಲ್ಲಿ ಬಂದ ಪಡೆಗಳು ಡೋನ್ ಮುವಾಂಗ್ ವಿಮಾನ ನಿಲ್ದಾಣವನ್ನು ವಶಪಡಿಸಿಕೊಂಡು, ಸರ್ಕಾರ ರಾಜೀನಾಮೆ ನೀಡಬೇಕೆಂದು ಆಗ್ರಹಿಸಿದವು. ಸರ್ಕಾರ ಒಪ್ಪಲಿಲ್ಲ. ಆಗ ಲೆಫ್ಟಿನೆಂಟ್ ಕರ್ನಲ್ ಆಗಿದ್ದ ಪ್ಲೇಕ್ ಫಿಬುನ್‌ಸೊಂಗ್‌ಖ್ರಾಮ್ (ಫಿಬುನ್) ಸರ್ಕಾರಿ ಪಡೆಗಳ ನಾಯಕತ್ವ ವಹಿಸಿದರು. ಬಾಂಗ್ ಖೇನ್ ಬಯಲಿನಲ್ಲಿ ರೈಲು ಮಾರ್ಗದುದ್ದಕ್ಕೂ ಎರಡೂ ಕಡೆಯವರ ನಡುವೆ ಹಲವು ದಿನ ಕಾಳಗ ನಡೆಯಿತು. ಫಿರಂಗಿಗಳನ್ನು ಹೊಂದಿದ್ದ ಸರ್ಕಾರಿ ಪಡೆಗಳ ಎದುರು ನಿಲ್ಲಲಾರದೆ ದಂಗೆಕೋರರು ರೈಲು ಮಾರ್ಗದಲ್ಲೇ ಹಿಮ್ಮೆಟ್ಟಿದರು. ಅಕ್ಟೋಬರ್ ಕೊನೆಯ ವಾರದಲ್ಲಿ ಬೊವೊರದೇತ್ ವಿಮಾನದಲ್ಲಿ ಫ್ರೆಂಚ್ ಇಂಡೋಚೀನಾಕ್ಕೆ ಪಲಾಯನ ಮಾಡಿದರು.

ಸರ್ಕಾರದ ಪರವಾಗಿ ಹೋರಾಡಿದ 17 ಮಂದಿ ಸೈನಿಕರು ಮತ್ತು ಪೊಲೀಸರು ಈ ದಂಗೆಯಲ್ಲಿ ಮಡಿದರು. ಅವರ ಅಂತ್ಯಸಂಸ್ಕಾರವನ್ನು 1934ರಲ್ಲಿ ಬ್ಯಾಂಕಾಕ್‌ನ ಸನಾಮ್ ಲುವಾಂಗ್ ಮೈದಾನದಲ್ಲಿ ನೆರವೇರಿಸಲಾಯಿತು. ಅದುವರೆಗೆ ರಾಜವಂಶದವರ ಅಂತ್ಯಕ್ರಿಯೆಗೆ ಮೀಸಲಾಗಿದ್ದ ಆ ಮೈದಾನದಲ್ಲಿ ಸಾಮಾನ್ಯ ಪ್ರಜೆಗಳಿಗೆ ಆ ಗೌರವ ದೊರೆತದ್ದು ಹೊಸ ವ್ಯವಸ್ಥೆಯ ಧೋರಣೆಯನ್ನು ಸಾರುವಂತಿತ್ತು.

ವಿಭಜನೆ ಮತ್ತು ನಗರೀಕರಣ

1971–72ರಲ್ಲಿ ಫ್ರಾ ನಖೊನ್ ಮತ್ತು ಥೊನ್‌ಬುರಿ ಪ್ರಾಂತ್ಯಗಳನ್ನು ವಿಲೀನಗೊಳಿಸಿ ಇಂದಿನ ಬ್ಯಾಂಕಾಕ್ ಮಹಾನಗರವನ್ನು ರಚಿಸಿದಾಗ ಬಾಂಗ್ ಖೇನ್ ನಗರದ ಜಿಲ್ಲೆಯಾಯಿತು. ಹೊರವಲಯದ ಜನಸಂಖ್ಯೆ ಹೆಚ್ಚಿದಂತೆ ಹಳೆಯ ಜಿಲ್ಲೆಯನ್ನು ಒಡೆಯಲಾಯಿತು. 1989ರಲ್ಲಿ ಚತುಚಕ್ ಮತ್ತು ಡೋನ್ ಮುವಾಂಗ್, 1997ರಲ್ಲಿ ಸಾಯ್ ಮಾಯ್ ಬೇರೆಯಾದವು. ಅದೇ 1997ರಲ್ಲಿ ಡೋನ್ ಮುವಾಂಗ್‌ನಿಂದ ಲಕ್ ಸೀ ಪ್ರತ್ಯೇಕಗೊಂಡಿತು.

ಈ ವಿಭಜನೆಗಳಿಂದಾಗಿ ಬಾಂಗ್ ಖೇನ್ ಎಂಬ ಹೆಸರಿನ ಹಲವು ಸ್ಥಳಗಳು ಈಗ ಬಾಂಗ್ ಖೇನ್ ಜಿಲ್ಲೆಯಲ್ಲಿಲ್ಲ. ಕೃಷಿ ಶಿಕ್ಷಣಕ್ಕೆ ಹೆಸರಾದ, 1943ರಲ್ಲಿ ಸ್ಥಾಪನೆಯಾದ ಕಸೆತ್ಸಾತ್ ವಿಶ್ವವಿದ್ಯಾಲಯದ ಮುಖ್ಯ ಆವರಣವನ್ನು ಇಂದಿಗೂ ‘ಬಾಂಗ್ ಖೇನ್ ಆವರಣ’ ಎಂದೇ ಕರೆಯುತ್ತಾರೆ. ಆದರೆ ಅದು ಇರುವುದು ಚತುಚಕ್ ಜಿಲ್ಲೆಯಲ್ಲಿ. ‘ತಲಾತ್ ಬಾಂಗ್ ಖೇನ್’ (ಬಾಂಗ್ ಖೇನ್ ಮಾರುಕಟ್ಟೆ) ಎಂಬ ಉಪಜಿಲ್ಲೆ ಲಕ್ ಸೀಗೆ ಸೇರಿದೆ. ಮತ್ತೊಂದೆಡೆ, ಲಕ್ ಸೀ ವೃತ್ತ ಎಂದು ಪ್ರಸಿದ್ಧವಾದ ಜಂಕ್ಷನ್ ಬಾಂಗ್ ಖೇನ್ ಜಿಲ್ಲೆಯಲ್ಲಿದೆ.

ಪ್ರಮುಖ ಸ್ಥಳಗಳು

ಸಂವಿಧಾನ ರಕ್ಷಣಾ ಸ್ಮಾರಕ

ಫಹೊನ್‌ಯೋಥಿನ್, ರಾಮ್ ಇಂಥ್ರಾ ಮತ್ತು ಚೇಂಗ್ ವತ್ತನಾ ರಸ್ತೆಗಳು ಕೂಡುವ ಲಕ್ ಸೀ ವೃತ್ತದಲ್ಲಿ ಈ ಸ್ಮಾರಕವಿತ್ತು. 1936ರ ಅಕ್ಟೋಬರ್ 15ರಂದು ಇದರ ಉದ್ಘಾಟನೆ ನಡೆಯಿತು. ಬ್ಯಾಂಕಾಕ್ ನಗರದ ಮಧ್ಯದಲ್ಲಿರುವ, 1940ರಲ್ಲಿ ಉದ್ಘಾಟನೆಯಾದ ಪ್ರಸಿದ್ಧ ಪ್ರಜಾಪ್ರಭುತ್ವ ಸ್ಮಾರಕಕ್ಕಿಂತ ಇದು ಹಳೆಯದು. ಸ್ತಂಭದ ತುದಿಯಲ್ಲಿ ಪೀಠದ ತಟ್ಟೆಯ ಮೇಲಿರಿಸಿದ ಸಂವಿಧಾನ ಗ್ರಂಥದ ಪ್ರತಿಕೃತಿ ಇತ್ತು. ಬದಿಗಳಲ್ಲಿ ಮಡಿದ 17 ಮಂದಿಯ ಹೆಸರುಗಳನ್ನೂ ಧರ್ಮಚಕ್ರವನ್ನೂ ರೈತ ಕುಟುಂಬದ ಉಬ್ಬುಶಿಲ್ಪವನ್ನೂ ಕಾಣಬಹುದಾಗಿತ್ತು. ರಾಜ ಅಥವಾ ಸೇನಾನಿಯ ಪ್ರತಿಮೆಯ ಬದಲು ಗ್ರಂಥವೊಂದನ್ನು ಶಿಖರದಲ್ಲಿಟ್ಟದ್ದು ಈ ಸ್ಮಾರಕದ ವೈಶಿಷ್ಟ್ಯ. ಜನರ ಬಾಯಲ್ಲಿ ಇದು ‘ಲಕ್ ಸೀ ಸ್ಮಾರಕ’ ಎಂದೂ ‘ದಂಗೆ ದಮನ ಸ್ಮಾರಕ’ ಎಂದೂ ಹೆಸರಾಗಿತ್ತು.

ಮುಂದಿನ ದಶಕಗಳಲ್ಲಿ ವಾಹನ ದಟ್ಟಣೆ ಹೆಚ್ಚಿ, ಸ್ಮಾರಕವು ರಸ್ತೆಗಳ ನಡುವೆ ಮರೆಯಾಗುತ್ತ ಬಂತು. ಎತ್ತರಿಸಿದ ರೈಲು ಮಾರ್ಗದ ಕಾಮಗಾರಿಗಾಗಿ 2016ರಲ್ಲಿ ಅದನ್ನು ಮೂಲ ಸ್ಥಾನದಿಂದ ಸ್ವಲ್ಪ ಸರಿಸಲಾಯಿತು. 2018ರ ಡಿಸೆಂಬರ್ ಕೊನೆಯಲ್ಲಿ ರಾತ್ರಿಯ ವೇಳೆ ಅದನ್ನು ಪೂರ್ಣವಾಗಿ ತೆರವುಗೊಳಿಸಲಾಯಿತು. ಎಲ್ಲಿಗೆ ಸಾಗಿಸಲಾಯಿತು ಎಂಬ ಬಗ್ಗೆ ಸಾರ್ವಜನಿಕರಿಗೆ ವಿವರಣೆ ದೊರೆಯಲಿಲ್ಲ. ಇದಕ್ಕೆ ಮುನ್ನ, 2017ರ ಏಪ್ರಿಲ್‌ನಲ್ಲಿ, 1932ರ ಕ್ರಾಂತಿಯ ನೆನಪಿಗಾಗಿ ಬ್ಯಾಂಕಾಕ್‌ನ ಅರಮನೆ ಚೌಕದ ನೆಲದಲ್ಲಿ ಹುದುಗಿಸಿದ್ದ ಹಿತ್ತಾಳೆಯ ಫಲಕವೂ ಕಾಣೆಯಾಗಿತ್ತು. ಹೀಗಾಗಿ ಈ ಎರಡು ಘಟನೆಗಳನ್ನು ಇತಿಹಾಸಕಾರರೂ ಪ್ರಜಾಪ್ರಭುತ್ವವಾದಿಗಳೂ ಜೊತೆಯಾಗಿ ಉಲ್ಲೇಖಿಸುತ್ತಾರೆ. 2020ರ ಜೂನ್ 24ರ ಮುಂಜಾನೆ, ಕ್ರಾಂತಿಯ ವಾರ್ಷಿಕ ದಿನದಂದು, ಕಾರ್ಯಕರ್ತರು ಸ್ಮಾರಕವಿಲ್ಲದ ಲಕ್ ಸೀ ವೃತ್ತದಲ್ಲಿ ಸೇರಿ ಸ್ಮರಣೆ ನಡೆಸಿದರು.

ವಾತ್ ಫ್ರಾ ಸೀ ಮಹಾಥಾತ್

ಫಹೊನ್‌ಯೋಥಿನ್ ರಸ್ತೆಯಲ್ಲಿ, ಸ್ಮಾರಕವಿದ್ದ ವೃತ್ತಕ್ಕೆ ಸಮೀಪದಲ್ಲಿ ಈ ಬೌದ್ಧ ದೇವಾಲಯವಿದೆ. ‘ವಾತ್’ ಎಂದರೆ ಬೌದ್ಧ ವಿಹಾರ. ‘ಸೀ ಮಹಾಥಾತ್’ ಎಂಬುದು ‘ಶ್ರೀ ಮಹಾಧಾತು’ವಿನ ಥಾಯ್ ರೂಪ. ಫಿಬುನ್ ಪ್ರಧಾನಮಂತ್ರಿಯಾಗಿದ್ದಾಗ ಸರ್ಕಾರವೇ ಇದನ್ನು ಕಟ್ಟಿಸಿತು. ಮೊದಲು ಯೋಚಿಸಿದ್ದ ಹೆಸರು ‘ವಾತ್ ಪ್ರಚಾಥಿಪತಾಯ್’, ಅಂದರೆ ಪ್ರಜಾಪ್ರಭುತ್ವದ ವಿಹಾರ. ಅದೇ ಸಮಯದಲ್ಲಿ ಸರ್ಕಾರ ಕಳುಹಿಸಿದ ನಿಯೋಗವೊಂದು ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಭಾರತದಿಂದ ಬುದ್ಧನ ಧಾತುಗಳನ್ನೂ ಬೋಧಗಯೆಯ ಬೋಧಿವೃಕ್ಷದ ಕೊಂಬೆಗಳನ್ನೂ ಪವಿತ್ರ ಕ್ಷೇತ್ರಗಳ ಮಣ್ಣನ್ನೂ ತಂದಿತು. ಧಾತುಗಳನ್ನು ಇಲ್ಲಿ ಪ್ರತಿಷ್ಠಾಪಿಸಿದ ಕಾರಣ ದೇವಾಲಯಕ್ಕೆ ಈಗಿನ ಹೆಸರು ಬಂತು. 1942ರ ಜೂನ್ 24ರಂದು ಇದರ ಉದ್ಘಾಟನೆ ನಡೆಯಿತು. ಆ ಕಾಲದಲ್ಲಿ ಜೂನ್ 24 ಥಾಯ್ಲೆಂಡಿನ ರಾಷ್ಟ್ರೀಯ ದಿನವಾಗಿತ್ತು.

ವಾಸ್ತುಶಿಲ್ಪಿ ಫ್ರಾ ಫ್ರೊಮ್‌ಫಿಚಿತ್ ಇದರ ವಿನ್ಯಾಸ ರೂಪಿಸಿದರು. ಸುಮಾರು 38 ಮೀಟರ್ ಎತ್ತರದ ಬಿಳಿಯ ಸ್ತೂಪವು ಇಲ್ಲಿನ ಮುಖ್ಯ ಆಕರ್ಷಣೆ. ಹೊರಗಿನ ದೊಡ್ಡ ಸ್ತೂಪದ ಒಳಗೆ ಧಾತುಗಳಿರುವ ಚಿಕ್ಕ ಸ್ತೂಪವಿದೆ. ಸುತ್ತಲಿನ ಒಳಗೋಡೆಯಲ್ಲಿ ದೇಶಕ್ಕೆ ಸೇವೆ ಸಲ್ಲಿಸಿದವರ ಅಸ್ಥಿಗಳನ್ನಿಡಲು 112 ಗೂಡುಗಳನ್ನು ನಿರ್ಮಿಸಲಾಗಿದೆ. ಫ್ರಾಯಾ ಫಹೊನ್, ಫಿಬುನ್ ಮೊದಲಾದ ಜನಪಕ್ಷದ ನಾಯಕರ ಅಸ್ಥಿಗಳು ಇಲ್ಲಿವೆ. ಥಾಯ್ ಬೌದ್ಧ ಸಂಘದ ಎರಡು ಪಂಥಗಳಾದ ಮಹಾನಿಕಾಯ ಮತ್ತು ಧಮ್ಮಯುತ್ತಿಕ ನಿಕಾಯಗಳ ಭಿಕ್ಷುಗಳು ಒಂದೇ ವಿಹಾರದಲ್ಲಿ ಕೂಡಿ ಬಾಳಬೇಕೆಂಬುದು ಸ್ಥಾಪಕರ ಉದ್ದೇಶವಾಗಿತ್ತು. ಫ್ರಾಯಾ ಫಹೊನ್ ಸ್ವತಃ ಕೆಲಕಾಲ ಭಿಕ್ಷುವಾಗಿ ಇಲ್ಲಿ ವಾಸಿಸಿದ್ದರು.

ಸ್ಮಾರಕ ಕಾಣೆಯಾದ ನಂತರ, 1932ರ ಕ್ರಾಂತಿಗೆ ಸಂಬಂಧಿಸಿದಂತೆ ಜಿಲ್ಲೆಯಲ್ಲಿ ಉಳಿದಿರುವ ಮುಖ್ಯ ಕಟ್ಟಡ ಇದೇ. ಪೂಜಾಸ್ಥಾನವಾಗಿ ನಿತ್ಯವೂ ಬಳಕೆಯಲ್ಲಿರುವ ಇಲ್ಲಿಗೆ ಬರುವ ಭಕ್ತರು ಸ್ತೂಪಕ್ಕೆ ಪ್ರದಕ್ಷಿಣೆ ಹಾಕುವಾಗ ಆ ಗೂಡುಗಳ ಮುಂದೆಯೇ ಹಾದುಹೋಗುತ್ತಾರೆ.

ಫಹೊನ್‌ಯೋಥಿನ್ ರಸ್ತೆ

ಬ್ಯಾಂಕಾಕ್‌ನ ವಿಜಯ ಸ್ಮಾರಕದಿಂದ ದೇಶದ ಉತ್ತರದ ಗಡಿಯಲ್ಲಿರುವ ಮೇ ಸಾಯ್‌ವರೆಗೆ ಸುಮಾರು 1,000 ಕಿಲೋಮೀಟರ್ ಸಾಗುವ ಈ ರಸ್ತೆ ಥಾಯ್ಲೆಂಡಿನ 1ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. 1930ರ ದಶಕದ ಉತ್ತರಾರ್ಧದಲ್ಲಿ ಬ್ಯಾಂಕಾಕ್‌ನಿಂದ ಡೋನ್ ಮುವಾಂಗ್ ಕಡೆಗೆ ನಿರ್ಮಿಸಿದಾಗ ಇದಕ್ಕೆ ‘ಪ್ರಚಾಥಿಪತಾಯ್ ರಸ್ತೆ’ ಎಂಬ ಹೆಸರಿತ್ತು. ಫ್ರಾಯಾ ಫಹೊನ್ ಅವರ ಗೌರವಾರ್ಥ 1950ರಲ್ಲಿ ಈಗಿನ ಹೆಸರಿಡಲಾಯಿತು.

11ನೇ ಪದಾತಿ ರೆಜಿಮೆಂಟ್

ಫಹೊನ್‌ಯೋಥಿನ್ ರಸ್ತೆಯಲ್ಲಿರುವ ಈ ಸೇನಾ ನೆಲೆಯು ಇತ್ತೀಚಿನ ರಾಜಕೀಯದಲ್ಲಿಯೂ ಕಾಣಿಸಿಕೊಂಡಿದೆ. 2010ರಲ್ಲಿ ಬ್ಯಾಂಕಾಕ್‌ನಲ್ಲಿ ಕೆಂಪಂಗಿ ಪ್ರತಿಭಟನೆಗಳು ನಡೆದಾಗ ಪ್ರಧಾನಮಂತ್ರಿ ಅಭಿಸಿತ್ ವೆಚ್ಚಾಚಿವ ಇಲ್ಲಿ ಆಶ್ರಯ ಪಡೆದು ಆಡಳಿತ ನಡೆಸಿದ್ದರು. 2019ರಲ್ಲಿ 1ನೇ ಮತ್ತು 11ನೇ ಪದಾತಿ ರೆಜಿಮೆಂಟುಗಳನ್ನು ರಾಜನ ನೇರ ಅಧೀನಕ್ಕೆ ವರ್ಗಾಯಿಸಲಾಯಿತು. 2020ರ ನವೆಂಬರ್ 29ರಂದು ಈ ವರ್ಗಾವಣೆಯನ್ನು ವಿರೋಧಿಸಿ ಪ್ರತಿಭಟನಕಾರರು ನೆಲೆಯ ಮುಂದೆ ಸೇರಿದ್ದರು.

ಲುಂಫಿನಿ ಬಾಕ್ಸಿಂಗ್ ಕ್ರೀಡಾಂಗಣ

ಥಾಯ್ ಸಾಂಪ್ರದಾಯಿಕ ಮುಷ್ಟಿಕಾಳಗವಾದ ಮುಯ್ ಥಾಯ್‌ನ ಎರಡು ಪ್ರಮುಖ ಕ್ರೀಡಾಂಗಣಗಳಲ್ಲಿ ಇದೊಂದು. ರಾಯಲ್ ಥಾಯ್ ಸೇನೆಯ ಆಡಳಿತದಲ್ಲಿರುವ ಈ ಕ್ರೀಡಾಂಗಣ 1956ರಲ್ಲಿ ನಗರದ ಮಧ್ಯಭಾಗದಲ್ಲಿರುವ ನಾಲ್ಕನೇ ರಾಮ ರಸ್ತೆಯಲ್ಲಿ ಆರಂಭವಾಗಿತ್ತು. 2014ರಲ್ಲಿ ಬಾಂಗ್ ಖೇನ್‌ನ ರಾಮ್ ಇಂಥ್ರಾ ರಸ್ತೆಗೆ ಸ್ಥಳಾಂತರಗೊಂಡಿತು.

ಶಿಕ್ಷಣ ಮತ್ತು ವ್ಯಾಪಾರ

ಫ್ರಾ ನಖೊನ್ ರಾಜಭಟ ವಿಶ್ವವಿದ್ಯಾಲಯವು 1892ರಲ್ಲಿ ಸ್ಥಾಪನೆಯಾದ, ದೇಶದ ಮೊದಲ ಶಿಕ್ಷಕರ ತರಬೇತಿ ಶಾಲೆಯಿಂದ ಬೆಳೆದುಬಂದ ಸಂಸ್ಥೆ. ಇದು ಚೇಂಗ್ ವತ್ತನಾ ರಸ್ತೆಯಲ್ಲಿದೆ. ರಾಮ್ ಇಂಥ್ರಾ ರಸ್ತೆಯಲ್ಲಿ ಖಾಸಗಿ ಕ್ರಿಕ್ ವಿಶ್ವವಿದ್ಯಾಲಯವಿದೆ. ಸಫಾನ್ ಮಾಯ್ (ಹೊಸ ಸೇತುವೆ) ಎಂಬಲ್ಲಿರುವ ಯಿಂಗ್ ಚರೊಯೆನ್ ಮಾರುಕಟ್ಟೆಯು ತರಕಾರಿ, ಹಣ್ಣು, ಮೀನು ಮತ್ತು ಮಾಂಸಕ್ಕೆ ಸುತ್ತಲಿನ ಜನರು ಅವಲಂಬಿಸಿರುವ ದೊಡ್ಡ ಸಂತೆ.

ಸಾರಿಗೆ

ಜಿಲ್ಲೆಯ ಮುಖ್ಯ ರಸ್ತೆಗಳು ಉತ್ತರಾಭಿಮುಖವಾದ ಫಹೊನ್‌ಯೋಥಿನ್ ಮತ್ತು ಪೂರ್ವಕ್ಕೆ ಮಿನ್ ಬುರಿಯತ್ತ ಸಾಗುವ ರಾಮ್ ಇಂಥ್ರಾ. ರಾಮ್ ಇಂಥ್ರಾ ರಸ್ತೆಯ ಸ್ಥಳಗಳನ್ನು ಕಿಲೋಮೀಟರ್ ಸಂಖ್ಯೆಯಿಂದ ಗುರುತಿಸುವ ರೂಢಿ ಸ್ಥಳೀಯರಲ್ಲಿ ಈಗಲೂ ಇದೆ.

ಬಿಟಿಎಸ್ ಎತ್ತರಿಸಿದ ರೈಲಿನ ಸುಖುಮ್ವಿತ್ ಮಾರ್ಗವು 2020ರ ಜೂನ್ 5ರಂದು ವಾತ್ ಫ್ರಾ ಸೀ ಮಹಾಥಾತ್ ನಿಲ್ದಾಣದವರೆಗೂ ಅದೇ ವರ್ಷ ಡಿಸೆಂಬರ್ 16ರಂದು ಖು ಖೊತ್‌ವರೆಗೂ ವಿಸ್ತರಣೆಯಾಯಿತು. ನೊಂಥಬುರಿ ಮತ್ತು ಮಿನ್ ಬುರಿಗಳನ್ನು ಜೋಡಿಸುವ ಮೊನೊರೈಲ್ ಆದ ಗುಲಾಬಿ ಮಾರ್ಗದಲ್ಲಿ 2023ರ ನವೆಂಬರ್‌ನಲ್ಲಿ ಪ್ರಾಯೋಗಿಕ ಸಂಚಾರ, 2024ರ ಜನವರಿಯಲ್ಲಿ ಪೂರ್ಣ ಸೇವೆ ಆರಂಭವಾಯಿತು. ಎರಡೂ ಮಾರ್ಗಗಳು ವಾತ್ ಫ್ರಾ ಸೀ ಮಹಾಥಾತ್ ನಿಲ್ದಾಣದಲ್ಲಿ ಸಂಧಿಸುತ್ತವೆ. ಒಮ್ಮೆ ಸಂವಿಧಾನ ರಕ್ಷಣಾ ಸ್ಮಾರಕ ನಿಂತಿದ್ದ ಲಕ್ ಸೀ ವೃತ್ತ ಈ ನಿಲ್ದಾಣದ ಸಮೀಪದಲ್ಲೇ ಇದೆ.