ಮರೆವು ಮದ್ದಲ್ಲ

ಸಿರಸಂಗಿ ಎಂದೊಡನೆ ನಮ್ಮ ಕಡೆಯವರ ಕಣ್ಣ ಮುಂದೆ ಎರಡು ಚಿತ್ರಗಳು ನಿಲ್ಲುತ್ತವೆ: ಒಂದು ಕಾಳಿಕಾದೇವಿಯ ಗುಡಿ, ಇನ್ನೊಂದು ತ್ಯಾಗವೀರ ಲಿಂಗರಾಜ ದೇಸಾಯಿಯವರ ವಾಡೆ. ಇವೆರಡರ ಜೊತೆಗೆ ಊರಿನ ಹೆಸರಿಗೆ ಇನ್ನೊಂದು ನಂಟೂ ಇದೆ. ಋಷ್ಯಶೃಂಗ ಮುನಿಯ ಹೆಸರೇ ಜನರ ನಾಲಗೆಯಲ್ಲಿ ಸವೆದು ಸಿರಸಂಗಿಯಾಯಿತೆಂದು ಹಿರಿಯರು ಹೇಳುವುದುಂಟು. ಭಾಷಾಶಾಸ್ತ್ರ ಇದನ್ನು ಒಪ್ಪಲಿ, ಬಿಡಲಿ, ಆ ಮುನಿಯ ಕತೆ ನನ್ನ ಇಂದಿನ ವಿಷಯಕ್ಕೆ ಬಾಗಿಲಿದ್ದಂತಿದೆ. ತಾಯಿಯಿಲ್ಲದೆ, ಒಡನಾಡಿಗಳಿಲ್ಲದೆ, ತಂದೆ ವಿಭಾಂಡಕನ ಮುಖವೊಂದನ್ನೇ ಕಂಡು ಕಾಡಿನಲ್ಲಿ ಬೆಳೆದ ಮಗು ಆತ. ಪ್ರಾಯಕ್ಕೆ ಬಂದ ಮೇಲೆ, ತನ್ನ ಬಳಿಗೆ ಬಂದ ಹೆಣ್ಣುಗಳನ್ನು ತನ್ನಂತೆಯೇ ತಪಸ್ವಿಗಳೆಂದು ಬಗೆದ. ನಾವು ಇದನ್ನು ವಿನೋದವೆಂದು ಓದಿ ನಗುತ್ತೇವೆ. ಆದರೆ ಕತೆ ಕಟ್ಟಿದವರಿಗೆ ಒಂದು ಸತ್ಯ ತಿಳಿದಿತ್ತು. ಎಳವೆಯಲ್ಲಿ ದೊರೆತದ್ದೂ ದೊರೆಯದೆ ಹೋದದ್ದೂ ಮನುಷ್ಯನ ಜೊತೆಗೇ ನಡೆದು ಬರುತ್ತವೆ.

ಎಳವೆಯ ಆಘಾತವೆಂದರೇನು? ಮಗುವಿನ ಪ್ರತಿಯೊಂದು ಅಳುವನ್ನೂ ಆಘಾತವೆನ್ನಲಾಗದು. ಜಾತ್ರೆಯಲ್ಲಿ ಕೈತಪ್ಪಿದ ಕೂಸು ತಾಯಿ ಸಿಕ್ಕೊಡನೆ ಅತ್ತು, ಬಿಕ್ಕಿ, ನಿದ್ರೆ ಹೋಗುತ್ತದೆ. ಆ ಭಯ ಅಲ್ಲಿಗೇ ಕರಗುತ್ತದೆ. ಭಯ, ಅಸಹಾಯಕತೆ, ಹೇಳಿಕೊಳ್ಳಲು ಯಾರೂ ಇಲ್ಲದ ಒಂಟಿತನ—ಈ ಮೂರೂ ಕೂಡಿದಲ್ಲಿ ಗಾಯ ಆಳಕ್ಕಿಳಿಯುತ್ತದೆ. ಕುಡಿದು ಬಂದು ಬಡಿಯುವ ತಂದೆ, ನಂಬಿದ ಬಂಧುವಿನಿಂದಲೇ ಆಗುವ ಲೈಂಗಿಕ ದೌರ್ಜನ್ಯ, ಜಾತಿಯ ಹೆಸರಿನಲ್ಲಿ ಹೊರಗೆ ಕೂರಿಸುವ ಅವಮಾನ, ಹಸಿವು, ಪರಿತ್ಯಾಗ: ರೂಪಗಳು ಹಲವು. ಭಯ ಹುಟ್ಟಿಸಿದವರೇ ಆಶ್ರಯ ಕೊಡಬೇಕಾದವರೂ ಆಗಿದ್ದರೆ ಮಗು ಓಡುವುದಾದರೂ ಎಲ್ಲಿಗೆ?

ಅಪಾಯ ಕಂಡಾಗ ಎದೆ ಬಡಿದುಕೊಳ್ಳುವುದು, ಉಸಿರು ಬಿಗಿಯುವುದು, ಓಡಲು ಇಲ್ಲವೆ ಎದುರಿಸಲು ಮೈ ಸಜ್ಜಾಗುವುದು ಪ್ರಕೃತಿ ನಮಗಿತ್ತ ರಕ್ಷಣೆ. ಮೆದುಳಿನ ಆಳದಲ್ಲಿರುವ ಆಮಿಗ್ಡಲ ಎಂಬ ಸಣ್ಣ ಭಾಗ ಎಚ್ಚರಿಕೆ ಕೊಡುತ್ತದೆ. ಅಡ್ರಿನಾಲಿನ್, ಕಾರ್ಟಿಸಾಲ್ ಮೊದಲಾದ ರಸಗಳು ರಕ್ತಕ್ಕೆ ಸೇರುತ್ತವೆ. ಅಪಾಯ ಕಳೆದ ಮೇಲೆ ಎಲ್ಲವೂ ತಣಿಯಬೇಕು. ದಿನವೂ ಅಪಾಯವಿರುವ ಮನೆಯಲ್ಲಿ ಬೆಳೆಯುವ ಮಗುವಿಗೆ ಈ ತಣಿಯುವಿಕೆಯೇ ರೂಢಿಯಾಗುವುದಿಲ್ಲ. ನಮ್ಮ ಎರೆಹೊಲದ ಉಪಮೆಯಲ್ಲಿ ಹೇಳುವುದಾದರೆ, ಸುಗ್ಗಿ ಮುಗಿದು ಜೋಳದ ತೆನೆಯೆಲ್ಲ ಕಣ ಸೇರಿದ ಮೇಲೂ ಅಟ್ಟಣಿಗೆಯಿಂದ ಇಳಿಯಲೊಲ್ಲದ ಕಾವಲುಗಾರನಂತೆ ಆ ದೇಹ ಇರುಳೂ ಹಗಲೂ ಕವಣೆ ಹಿಡಿದೇ ನಿಂತಿರುತ್ತದೆ.

ನಾನು ಈ ಸೀಮೆಯ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿದವನು. ಫಲಕ ಒರೆಸಲು ಶಿಕ್ಷಕರು ಕೈಯೆತ್ತಿದರೆ ಸಾಕು, ಮೊಣಕೈಯಿಂದ ಮುಖ ಮುಚ್ಚಿಕೊಳ್ಳುವ ಹುಡುಗರನ್ನು ಕಂಡಿದ್ದೇನೆ. ಏನು ಕೇಳಿದರೂ ‘ತಪ್ಪಾಯ್ತರೀ’ ಎಂದೇ ಮಾತು ಆರಂಭಿಸುವ ಹುಡುಗಿಯರನ್ನು ಕಂಡಿದ್ದೇನೆ. ಶಾಲೆಯ ಕಡತದಲ್ಲಿ ಇವರಲ್ಲಿ ಕೆಲವರು ಮೊಂಡರು, ಕೆಲವರು ದಡ್ಡರು. ಹೆದರಿದ ಮನಸ್ಸಿಗೆ ಮಗ್ಗಿ ಹತ್ತುವುದಿಲ್ಲ ಎಂಬುದನ್ನು ಬರೆಯಲು ಆ ಕಡತದಲ್ಲಿ ಅಂಕಣವಿರಲಿಲ್ಲ.

ಪರಿಣಾಮ ಬಾಲ್ಯಕ್ಕೇ ನಿಲ್ಲುವುದಿಲ್ಲ. ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ ಅವರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಅಂಕಿಗಳಲ್ಲಿ ತೋರಿಸಿತು. ಎಳವೆಯಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟಗಳನ್ನು ಕಂಡವರಲ್ಲಿ, ಏನೂ ಕಾಣದವರಿಗಿಂತ ಕುಡಿತ, ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳ ಸಂಭವ ನಾಲ್ಕರಿಂದ ಹನ್ನೆರಡು ಪಟ್ಟು ಹೆಚ್ಚಿತ್ತು. ಹೃದ್ರೋಗದಂಥ ದೇಹದ ಬೇನೆಗಳೂ ಹೆಚ್ಚಾಗಿದ್ದವು. ಆದರೆ ಸಂಭವವೆಂದರೆ ಹಣೆಬರಹವಲ್ಲ, ಇದನ್ನು ನೆನಪಿಡಬೇಕು.

ನಮ್ಮದೇ ಸೀಮೆಯ ದೊಡ್ಡ ಗಾಯವನ್ನು ಬಿಟ್ಟು ಈ ಮಾತನ್ನು ಮುಂದುವರಿಸುವುದು ಸರಿಯಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಭಕ್ತಿಯಿಂದ ನಡೆದು ಬರುತ್ತಾರೆ. ಅವರ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ದೇವಿಯ ಹೆಸರಿನಲ್ಲಿ ತಲೆಮಾರುಗಳ ಕಾಲ ಬಡವರ, ಅದರಲ್ಲೂ ದಲಿತರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಮಣಿಯ ಸರ ಕೊರಳಿಗೆ ಬಿದ್ದಾಗ ಅದೇನೆಂದು ಆ ಮಕ್ಕಳಿಗೆ ತಿಳಿದಿರಲಿಲ್ಲ. ತಿಳಿಯುವ ಹೊತ್ತಿಗೆ ಅವರ ಬಾಲ್ಯ ಮುಗಿದಿರುತ್ತಿತ್ತು. ಮುಂಬಯಿ ಪ್ರಾಂತದ ೧೯೩೪ರ ಕಾನೂನು ಇದನ್ನು ನಿಷೇಧಿಸಿತ್ತು. ಕರ್ನಾಟಕದ ೧೯೮೨ರ ಕಾನೂನು ೧೯೮೪ರಲ್ಲಿ ಜಾರಿಗೆ ಬಂತು. ಹಾಗಿದ್ದೂ ೧೯೯೩–೯೪ ಮತ್ತು ೨೦೦೭–೦೮ರ ಸರಕಾರಿ ಸಮೀಕ್ಷೆಗಳು ಒಟ್ಟು ೪೬,೬೬೦ ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರಲ್ಲಿ ಬಹುಪಾಲು ಜನ ಒಂದು ಕಾಲಕ್ಕೆ ಏನೂ ಅರಿಯದ ಹುಡುಗಿಯರಾಗಿದ್ದರು.

ಇಂಥವರಿಗೆ ಲೋಕ ಕೊಡುವ ಉಪದೇಶ ಒಂದೇ: ‘ಆದದ್ದು ಆಗಿಹೋಯಿತು, ಮರೆತುಬಿಡು, ಹಳೆಯದನ್ನು ಕೆದಕಬೇಡ.’ ಹೇಳುವವರಲ್ಲಿ ಕೆಟ್ಟತನವಿಲ್ಲ. ಆದರೂ ಈ ಉಪದೇಶ ಎರಡು ಕಾರಣಕ್ಕೆ ಸೋಲುತ್ತದೆ. ಮೊದಲನೆಯದು, ಮರೆಯುವುದು ನಮ್ಮ ಇಚ್ಛೆಯ ಕೆಲಸವಲ್ಲ. ಮನಸ್ಸು ಮರೆತದ್ದನ್ನೂ ಮೈ ನೆನಪಿಟ್ಟಿರುತ್ತದೆ. ಒಂದು ವಾಸನೆ, ಬಾಗಿಲ ಚಿಲಕದ ಸದ್ದು, ಯಾರದೋ ಏರುದನಿ ಸಾಕು, ನಲವತ್ತು ವರ್ಷ ಅಳಿಸಿಹೋಗುತ್ತವೆ. ಎರಡನೆಯದು ಇನ್ನೂ ಗಂಭೀರವಾದದ್ದು. ಮಗು ತನಗಾದ ಕೇಡಿಗೆ ತಾನೇ ಕಾರಣವೆಂದು ನಂಬುತ್ತದೆ. ತಂದೆತಾಯಿ ಕೆಟ್ಟವರೆಂದು ಒಪ್ಪುವುದಕ್ಕಿಂತ ತಾನೇ ಕೆಟ್ಟವಳೆಂದು ಒಪ್ಪುವುದು ಅದಕ್ಕೆ ಸುಲಭ. ‘ಮಾತಾಡಬೇಡ’ ಎಂಬ ಉಪದೇಶ ಆ ತಪ್ಪು ನಂಬಿಕೆಯ ಮೇಲೆ ಊರಿನ ಮೊಹರು ಒತ್ತಿದಂತೆ.

ಹಾಗಾದರೆ ಮದ್ದು ಯಾವುದು? ಮನೋವೈದ್ಯೆ ಜ್ಯೂಡಿತ್ ಹರ್ಮನ್ ೧೯೯೨ರ ತಮ್ಮ ಗ್ರಂಥದಲ್ಲಿ ಮೂರು ಘಟ್ಟಗಳನ್ನು ಗುರುತಿಸಿದ್ದಾರೆ. ಮೊದಲು ಸುರಕ್ಷಿತತೆ, ಅನಂತರ ನೆನಪು ಮತ್ತು ಶೋಕ, ಕೊನೆಗೆ ಬದುಕಿನೊಡನೆ ಮರುನಂಟು. ಈ ಕ್ರಮವನ್ನು ಪುಸ್ತಕದಲ್ಲಿ ಓದುವ ಮೊದಲೇ ನಮ್ಮ ಜಿಲ್ಲೆಯ ಹೆಂಗಸರು ನಡೆದು ತೋರಿಸಿದ್ದಾರೆ ಎನ್ನಬಹುದು. ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರೇ ಕಟ್ಟಿ ೧೯೯೭ರಿಂದ ನಡೆಸಿಕೊಂಡು ಬಂದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಇದಕ್ಕೆ ಸಾಕ್ಷಿ. ಸಂಘ, ಉಳಿತಾಯ, ಸ್ವಂತ ದುಡಿಮೆ ಅವರ ಸುರಕ್ಷಿತತೆಯಾಯಿತು. ಕೈಯಲ್ಲಿ ನಾಲ್ಕು ಕಾಸಿಲ್ಲದವಳಿಗೆ, ಇಂದೂ ಬಾಗಿಲು ಬಡಿಯುವವನ ಭಯವಿರುವವಳಿಗೆ ‘ನಿನ್ನ ನೋವನ್ನು ಹೇಳು’ ಎನ್ನುವುದು ಕ್ರೌರ್ಯವೇ ಸರಿ. ಒಂದೇ ಬಗೆಯ ಬದುಕು ಕಂಡವರು ಒಟ್ಟಿಗೆ ಕುಳಿತಾಗ ಮಾತು ತಾನಾಗಿ ಬಂತು. ‘ನನಗೊಬ್ಬಳಿಗೇ ಅಲ್ಲ’ ಎಂಬ ಅರಿವು ‘ನನ್ನ ತಪ್ಪಲ್ಲ’ ಎಂಬ ಅರಿವಿಗೆ ದಾರಿಯಾಯಿತು. ಕೊನೆಗೆ ಅವರು ಮುಂದಿನ ಹುಡುಗಿಗೆ ಮುತ್ತು ಕಟ್ಟದಂತೆ ತಡೆಯಲು ಹೊರಟರು. ಏಳನೆಯ ವಯಸ್ಸಿನಲ್ಲಿ ದೇವದಾಸಿಯಾದ ಸೀತವ್ವ ಜೋಡಟ್ಟಿಯವರು ಈ ಸಂಸ್ಥೆಯ ಚುಕ್ಕಾಣಿ ಹಿಡಿದರು. ೨೦೧೮ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಪ್ರಶಸ್ತಿ ಗಾಯವನ್ನು ಅಳಿಸಿತೆಂದು ನಾನು ಹೇಳಲಾರೆ. ಗಾಯಗೊಂಡವಳೇ ಇತರರ ಕಾವಲಾದದ್ದು ಪ್ರಶಸ್ತಿಗಿಂತ ದೊಡ್ಡದು.

ಸಾಹಿತ್ಯದ ಓದುಗರಿಗೆ ಇದು ಹೊಸ ಮಾತಲ್ಲ. ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಇಂಥ ಆತ್ಮಕಥನಗಳಲ್ಲಿ ಬಾಲ್ಯದ ಅವಮಾನ ಮಾತು ಪಡೆದಿದೆ. ಅನುಭವಕ್ಕೆ ಆದಿ, ಮಧ್ಯ, ಅಂತ್ಯಗಳುಂಟಾದಾಗ ಅದು ನಿನ್ನೆಯದಾಗುತ್ತದೆ. ಅಲ್ಲಿಯವರೆಗೆ ಅದು ಯಾವಾಗಲೂ ಇಂದಿನದೇ. ಒಂದು ಎಚ್ಚರಿಕೆ ಮಾತ್ರ ಬೇಕು. ಬಲವಂತದಿಂದ ಹೇಳಿಸಿದ ನೋವು ಮತ್ತೊಂದು ಆಘಾತವಾದೀತು. ಯಾವಾಗ, ಯಾರಿಗೆ, ಎಷ್ಟು ಹೇಳಬೇಕೆಂಬ ಹಕ್ಕು ನೊಂದವರದು. ಕ್ಷಮಿಸಲೇಬೇಕೆಂಬ ಒತ್ತಾಯವೂ ಸಲ್ಲದು.

ಎಲ್ಲರಿಗೂ ಸಂಘ ಸಿಗದು, ಎಲ್ಲರೂ ಬರೆಯಲಾರರು. ಅವರಿಗೇನು ಆಸರೆ? ಹವಾಯಿ ದ್ವೀಪಸಮೂಹದ ಕವಾಯಿಯಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತವರ ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಅತಿ ಕಷ್ಟದ ಮನೆಗಳಲ್ಲಿ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೆಯ ಒಂದು ಪಾಲು ಜನ ಸಮರ್ಥರೂ ಅಕ್ಕರೆಯುಳ್ಳವರೂ ಆಗಿ ಬೆಳೆದಿದ್ದರು. ಅವರ ಬಾಲ್ಯದಲ್ಲಿ ಮತ್ತೆ ಮತ್ತೆ ಕಂಡುಬಂದದ್ದು ಅವರನ್ನು ಕೈಬಿಡದ ಒಬ್ಬ ಹಿರಿಯ ಜೀವ. ಅದು ಅಜ್ಜಿಯೋ, ಶಿಕ್ಷಕಿಯೋ, ನೆರೆಮನೆಯಾಕೆಯೋ ಆಗಿರಬಹುದು. ಸುಗ್ಗಿ ಮುಗಿಯಿತೆಂದು ಅಟ್ಟಣಿಗೆಯ ಕಾವಲುಗಾರನಿಗೆ ಕೂಗಿ ಹೇಳಿದರೆ ಆತ ನಂಬುವುದಿಲ್ಲ. ದಿನದಿನವೂ ಬಂದು ಕೆಳಗೆ ಕುಳಿತುಕೊಳ್ಳುವವರೊಬ್ಬರಿದ್ದರೆ ಮೆಲ್ಲಗೆ ಇಳಿಯುತ್ತಾನೆ.

ಸರಕಾರದ ಒಂದು ಅಂಕಣವೂ ಮಗುವನ್ನು ನೋಯಿಸಬಲ್ಲದು, ನೋಯಿಸದಂತೆಯೂ ಇರಬಲ್ಲದು. ದೇವದಾಸಿಯರ ಮಕ್ಕಳಿಗೆ ‘ತಂದೆಯ ಹೆಸರು’ ಎಂಬ ಅಂಕಣ ವರ್ಷಕ್ಕೊಮ್ಮೆ ತರಗತಿಯ ಎದುರೇ ಬೀಳುತ್ತಿದ್ದ ಪೆಟ್ಟಾಗಿತ್ತು. ೨೦೨೫ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಆ ಹೆಸರನ್ನು ಕಡ್ಡಾಯಗೊಳಿಸಬಾರದೆಂದಿತು. ಬಯಸಿದರೆ ಪಿತೃತ್ವ ಸ್ಥಾಪಿಸಿಕೊಳ್ಳುವ ಹಕ್ಕನ್ನೂ ಮಕ್ಕಳಿಗಿತ್ತಿತು. ಇದೂ ಚಿಕಿತ್ಸೆಯ ಒಂದು ಭಾಗವೆಂದೇ ನನ್ನ ಎಣಿಕೆ.

ನೋವು ನಿದ್ರೆ ಕೆಡಿಸುತ್ತಿದ್ದರೆ, ಸಾಯುವ ಯೋಚನೆ ತರುತ್ತಿದ್ದರೆ, ಕುಡಿತಕ್ಕೆ ತಳ್ಳುತ್ತಿದ್ದರೆ ತಜ್ಞರ ನೆರವು ಬೇಕೇ ಬೇಕು. ನಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಲ್ಲ. ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಕರೆಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮಗು ಅಪಾಯದಲ್ಲಿದ್ದರೆ ೧೦೯೮ ಇದೆ.

ಸಿರಸಂಗಿಯ ವಾಡೆಗೆ ದತ್ತುಮಗನಾಗಿ ಬಂದ ಲಿಂಗರಾಜರು ೧೯೦೬ರಲ್ಲಿ ತೀರಿಕೊಳ್ಳುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಪರರ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅಂಥ ಆಸ್ತಿ ನಮ್ಮಲ್ಲಿ ಎಷ್ಟು ಜನರ ಬಳಿ ಇದೆ? ಆದರೆ ನಮ್ಮ ಓಣಿಯಲ್ಲಿ, ನಮ್ಮ ತರಗತಿಯಲ್ಲಿ, ಬಹುಶಃ ನಮ್ಮ ಮನೆಯಲ್ಲೇ, ಪ್ರಾಯ ಕಳೆದರೂ ಒಳಗೆ ಅಳುತ್ತಿರುವ ಒಂದು ಮಗುವಿರುತ್ತದೆ. ಅದು ಬಾಯಿ ತೆರೆದ ದಿನ ‘ಮರೆತುಬಿಡು’ ಎನ್ನದೆ, ‘ನಿನ್ನದು ತಪ್ಪಲ್ಲ’ ಎಂದು ಹೇಳಿ ಪೂರ್ತಿ ಕೇಳುವ ಪುರುಸೊತ್ತು ನಮಗಿರಲಿ.